ಗಣಾಚಾರವೂ ವ್ಯಸನಮುಕ್ತಿಯೂ

ಶಿವಶರಣರು ಈ ಕಾಯವನ್ನು ಪ್ರಸಾದಕಾಯವೆಂದು ಕರೆದರು. ಲಿಂಗವನ್ನು ಧರಿಸಿದ ಅಂಗವು ಬರಿಯ ಮಾಂಸಪಿಂಡವಾಗಿ ಉಳಿಯದು. ಅದು ಶಿವನ ಮನೆಯಾಗುವುದು. ಆ ಮನೆಯ ದೀಪವೇ ಅರಿವು. ಮದ್ಯಾದಿ ಮಾದಕಗಳು ಮೊದಲು ಮುಟ್ಟುವುದು ಈ ದೀಪವನ್ನೇ. ದುಃಖವನ್ನು ಮರೆಯಲೆಂದು ಕುಡಿದವನು ದುಃಖವನ್ನು ಕಳೆದುಕೊಳ್ಳಲಾರ; ಅದನ್ನು ಎದುರಿಸಬಲ್ಲ ಅರಿವನ್ನೇ ಕಳೆದುಕೊಳ್ಳುತ್ತಾನೆ. ಆದುದರಿಂದ ವ್ಯಸನದ ವಿಚಾರವು ವೈದ್ಯರಿಗೆ ಸೇರಿದಷ್ಟೇ ಧರ್ಮಕ್ಕೂ ಸೇರಿದುದು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಕಡಲತೀರದ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಗಂಗೊಳ್ಳಿಯ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಲ್ಲುತ್ತವೆ. ಹೊರಗೆ ಎಡೆಬಿಡದ ಮಳೆ. ಒಳಗೆ ಕೆಲಸವಿಲ್ಲದ ಕೈ, ತೀರದ ಸಾಲ. ಯಜಮಾನನಿಗೆ ನಿದ್ರೆ ಬಾರದು, ಅನ್ನ ರುಚಿಸದು, ಯಾರ ಮಾತೂ ಬೇಡ. ನಿದ್ರೆಗೆಂದು ಆರಂಭವಾದ ಒಂದು ಗುಟುಕು, ಮಳೆಗಾಲ ಮುಗಿಯುವುದರೊಳಗೆ ಬೆಳಗಿನ ಅಗತ್ಯವಾಗಿಬಿಡುತ್ತದೆ. ನೆರೆಯವರು ಕೇಳಿದರೆ ಮನೆಯಾಕೆ, ‘ಅವರಿಗೆ ಜ್ವರ’ ಎನ್ನುತ್ತಾಳೆ. ಆ ಸುಳ್ಳನ್ನು ಆಕೆಯ ಬಾಯಿಂದ ಆಡಿಸಿದವರು ನಿಜವನ್ನು ಕೇಳಿ ನಗುವ ಊರಿನವರು.

ಇಲ್ಲಿ ರೋಗ ಎರಡು. ಖಿನ್ನತೆಯು ಕುಡಿತವನ್ನು ಕರೆಯಿತು. ಕುಡಿತವು ಖಿನ್ನತೆಯನ್ನು ಬೆಳೆಸಿತು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಿದರೆ ಫಲವು ನಿಲ್ಲದು.

ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಹೆಂಡದ ಮಾರಯ್ಯನಿದ್ದನು. ಧರ್ಮೇಶ್ವರಲಿಂಗವೆಂಬುದು ಆತನ ವಚನಗಳ ಅಂಕಿತ. ಹೆಂಡ ಮಾರುವ ವೃತ್ತಿಯವನಾದ ಆತನು, ಕುಡಿಯಲು ಬಂದವರಿಗೇ ಕುಡಿತವನ್ನು ಬಿಡುವಂತೆ ಬೋಧಿಸುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಶರಣರು ಆತನ ವೃತ್ತಿಯನ್ನು ನೋಡಿ ಆತನನ್ನು ದೂರವಿಡಲಿಲ್ಲ. ಆತನೂ ಕುಡುಕರನ್ನು ದೂರವಿಡಲಿಲ್ಲ. ಬಿದ್ದವನು ಇದ್ದೆಡೆಗೆ ಹೋಗಿ ಕೈ ನೀಡುವುದೇ ಶರಣರ ಕ್ರಮ.

ಇದೇ ಹಾದಿಯನ್ನು ಈಚಿನ ಕಾಲದಲ್ಲಿ ತುಳಿದವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಆರಂಭವಾದ ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೇರಿಸಿ ಊರೂರು, ಕೇರಿಕೇರಿ ತಿರುಗಿ ಅವರು ಬೇಡಿದ ಭಿಕ್ಷೆಯೆಂದರೆ ಜನರ ದುಶ್ಚಟಗಳು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು.

ಆದರೆ ಚಟವನ್ನು ಜೋಳಿಗೆಗೆ ಹಾಕಿದ ಮಾತ್ರಕ್ಕೆ ಕರ್ತವ್ಯವು ಮುಗಿಯದು. ಬಹುಕಾಲ ವಿಪರೀತವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾನಾಶಗಳು ತಲೆದೋರುವುವು. ಮೊದಲ ಎರಡು ಮೂರು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು, ಇಲ್ಲದ ವಸ್ತುಗಳು ಕಾಣುವ ಚಿತ್ತಭ್ರಮೆಯೂ ಆಗಬಹುದು, ಪ್ರಾಣಕ್ಕೂ ಅಪಾಯವುಂಟು. ಇದನ್ನು ಭೂತದ ಕಾಟವೆಂದೋ ದೈವದ ಮುನಿಸೆಂದೋ ಎಣಿಸಿ ಕಾಲ ಕಳೆಯುವುದು ಸಲ್ಲದು. ಸಂಕಲ್ಪವು ಗುರುವಿನ ಸನ್ನಿಧಿಯಲ್ಲಾಗಲಿ. ಬಿಡುವ ಕ್ರಮವು ವೈದ್ಯರ ಸಮ್ಮುಖದಲ್ಲಾಗಲಿ. ಔಷಧವನ್ನು ಸೇವಿಸಿದರೆ ವ್ರತಕ್ಕೆ ಕುಂದಿಲ್ಲ.

ಆಸರೆಯು ದೂರವೂ ಇಲ್ಲ. ಮನೋರೋಗಕ್ಕೆ ಹಳ್ಳಿಯ ಆರೋಗ್ಯಕೇಂದ್ರದಲ್ಲಿಯೇ ಚಿಕಿತ್ಸೆ ಕೊಡಲು ಸಾಧ್ಯವೆಂಬುದನ್ನು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ಆ ಮಾದರಿಯಿಂದಲೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಅಥವಾ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿದರೆ ದಾರಿ ತಿಳಿಯುವುದು. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯೂ, ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆಯೂ ಇವೆ. ಶ್ರೀಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ. ಬಿಟ್ಟವರು ಬಿಟ್ಟಂತೆಯೇ ಉಳಿಯಲೆಂದು ನವಜೀವನ ಸಮಿತಿಗಳನ್ನೂ ಕಟ್ಟಲಾಗಿದೆ. ಮನೆಯಿಂದ ಹೊರಡಲಾರದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯುಂಟು. 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಿ, ಕಾಸಿಲ್ಲದೆ, ಕನ್ನಡದಲ್ಲಿಯೇ ದುಃಖವನ್ನು ತೋಡಿಕೊಳ್ಳಬಹುದು. ಬದುಕೇ ಬೇಡವೆಂದು ಸಾವಿಗೆ ಯತ್ನಿಸಿದವನನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ತೀವ್ರ ಒತ್ತಡಕ್ಕೆ ಸಿಕ್ಕಿದವನೆಂದು ಭಾವಿಸಿ, ಆರೈಕೆ ನೀಡುವ ಹೊಣೆಯನ್ನು ಸರಕಾರಕ್ಕೆ ವಿಧಿಸಿದೆ. ಕಾಯಿದೆಗೆ ಇರುವ ಕರುಣೆ ನೆರೆಮನೆಗೆ ಇಲ್ಲದಿದ್ದರೆ ಹೇಗೆ?

ಪಂಚಾಚಾರಗಳ ಮರ್ಮವನ್ನು ಇಲ್ಲಿ ನೆನೆಯಬೇಕು. ಕುಡಿತವನ್ನು ಬಿಡುವುದು ಸದಾಚಾರ. ಅದು ವ್ಯಕ್ತಿಗೆ ಸೇರಿದ್ದು. ಶಿವನಿಂದೆಯನ್ನು ಕೇಳಿಯೂ ಸುಮ್ಮನಿರದಿರುವುದು ಗಣಾಚಾರ. ಅದು ಸಮುದಾಯಕ್ಕೆ ಸೇರಿದ್ದು. ಜೀವದಲ್ಲಿ ಶಿವನಿದ್ದಾನೆಂದು ನಂಬಿದವರಿಗೆ, ನೊಂದ ಜೀವವನ್ನು ‘ಹುಚ್ಚ’, ‘ಕುಡುಕ’ ಎಂದು ಹೀಯಾಳಿಸುವುದೂ ಶಿವನಿಂದೆಯೇ ಅಲ್ಲವೆ? ಅಂಗಡಿಯ ಕಟ್ಟೆಯಲ್ಲಿ ಅಂತಹ ನಗೆ ಎದ್ದಾಗ ತಡೆಯುವವನು ಗಣಾಚಾರಿ. ನೆಂಟರ ಮದುವೆಯಲ್ಲಿ ‘ಒಂದೇ ಲೋಟ’ ಎಂದು ಒತ್ತಾಯಿಸುವ ಕೈಯನ್ನು ಹಿಡಿಯುವವನು ಗಣಾಚಾರಿ. ಬಿಟ್ಟವನು ಮತ್ತೊಮ್ಮೆ ಎಡವಿದಾಗ ‘ಇವನ ಹಣೆಬರಹವೇ ಇಷ್ಟು’ ಎನ್ನದೆ, ಮರುದಿನ ಮತ್ತೆ ಆಸ್ಪತ್ರೆಗೆ ಜೊತೆಯಾಗುವವನು ಗಣಾಚಾರಿ. ಎಡವುವುದು ಈ ರೋಗದ ಸ್ವಭಾವ; ಎಬ್ಬಿಸುವುದು ಭಕ್ತನ ಸ್ವಭಾವ.

ಮಹಾಂತ ಶಿವಯೋಗಿಗಳ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಕರಾವಳಿಯಲ್ಲಿ ನಿಷೇಧದ ಅವಧಿ ಕಳೆದು ಕಡಲು ಮತ್ತೆ ತೆರೆಯುವ ದಿನವೂ ಅದೇ. ಆ ಬೆಳಗ್ಗೆ ದೋಣಿಗೆ ಕಾಲಿಡುವವನ ಕೈ ನಡುಗದಿರಬೇಕಾದರೆ, ಅದಕ್ಕೆ ಮುಂಚಿನ ಎರಡು ತಿಂಗಳು ನೆರೆಯವರ ಕಣ್ಣು ಎಚ್ಚರವಾಗಿರಬೇಕು. ‘ಅವರಿಗೆ ಜ್ವರ’ ಎಂಬ ಮಾತು ಕೇಳಿದಾಗ ನಗದೆ, ಕೆದಕದೆ, ‘ತಂಗೀ, ನಾಳೆ ಡಾಕ್ಟರರ ಹತ್ತಿರ ನಾನೂ ಬರುತ್ತೇನೆ’ ಎನ್ನುವಷ್ಟು ದಾಸೋಹಭಾವವು ಮನೆಮನೆಯಲ್ಲಿ ಮೂಡಲಿ. ಸರ್ವರ ಅರಿವಿನ ದೀಪವನ್ನು ಪರಶಿವನು ಕಾಯಲಿ.

ಶುಭಂ ಭೂಯಾತ್.