ಪರದೇಶದ ಸಾವು ಮತ್ತು ಮನೆಯ ಅಗ್ನಿ

ದೇಹ ಬೇರೆ, ಆತ್ಮ ಬೇರೆ ಎಂಬ ಮಾತನ್ನು ತಲೆಮಾರುಗಳಿಂದ ಕೇಳುತ್ತ ಬಂದ ಸಮಾಜವೊಂದು, ಪರದೇಶದಲ್ಲಿ ತೀರಿಕೊಂಡ ತನ್ನವರ ನಿರ್ಜೀವ ಶರೀರವನ್ನು ಊರಿಗೆ ತರಿಸಿಕೊಳ್ಳಲು ಸಾಲ ಮಾಡಿ, ಕಚೇರಿಯಿಂದ ಕಚೇರಿಗೆ ಅಲೆದು, ವಾರಗಟ್ಟಲೆ ಕಾಯುವುದು ಮೇಲುನೋಟಕ್ಕೆ ಅಸಂಗತವಾಗಿ ಕಾಣುತ್ತದೆ. ಭಗವದ್ಗೀತೆಯ ಎರಡನೆಯ ಅಧ್ಯಾಯ ದೇಹವನ್ನು ಕಳಚಿಡುವ ಹಳೆಯ ಬಟ್ಟೆಗೆ ಹೋಲಿಸುತ್ತದೆ; ಈಶಾವಾಸ್ಯೋಪನಿಷತ್ತು ಶರೀರಕ್ಕೆ ಬೂದಿಯೇ ಕೊನೆಯೆಂದು ತಿಳಿಸುತ್ತದೆ. ಇವೆರಡನ್ನೂ ಬಾಯಿಪಾಠ ಬಲ್ಲ ಮನೆಗಳಲ್ಲಿಯೂ, ಮಗ ದೂರದೇಶದಲ್ಲಿ ತೀರಿಕೊಂಡ ಸುದ್ದಿ ಬಂದಾಗ ಮೊದಲು ಏಳುವ ಪ್ರಶ್ನೆ ದೇಹ ಯಾವಾಗ ಬರುತ್ತದೆ ಎಂಬುದೇ. ಇದನ್ನು ಅಜ್ಞಾನಜನ್ಯ ಮೋಹವೆಂದು ತಳ್ಳಿಹಾಕುವ ವೇದಾಂತಿಗಳಿದ್ದಾರೆ. ಆದರೆ ಸಾವನ್ನು ಕುರಿತು ಅತ್ಯಂತ ಹಿಂದೆಯೇ ಚಿಂತಿಸಿದ ಗ್ರಂಥಗಳು ಈ ಹಂಬಲವನ್ನು ಅಷ್ಟು ಹಗುರವಾಗಿ ಕಂಡಿಲ್ಲವೆಂಬುದನ್ನು ಗಮನಿಸಿದರೆ, ಪ್ರಶ್ನೆ ಮೋಹದ ವಲಯದಿಂದ ಹೊಣೆಯ ವಲಯಕ್ಕೆ ಸರಿಯುತ್ತದೆ.

ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಆಹಿತಾಗ್ನಿಯೊಬ್ಬ, ಅಂದರೆ ಮನೆಯಲ್ಲಿ ಶ್ರೌತಾಗ್ನಿಗಳನ್ನು ಸ್ಥಾಪಿಸಿಕೊಂಡು ಬೆಳಿಗ್ಗೆ ಸಂಜೆ ಅಗ್ನಿಹೋತ್ರ ನಡೆಸುವ ಗೃಹಸ್ಥ, ಪ್ರವಾಸದಲ್ಲಿ ಸತ್ತರೆ ಅವನ ಅಗ್ನಿಹೋತ್ರದ ಗತಿಯೇನು ಎಂಬ ಚರ್ಚೆ ಬರುತ್ತದೆ. ಒಂದು ಮತದಂತೆ ಬೇರೆ ಹಸುವಿನ ಕರುವಿಗೆ ಹಾಲೂಡುವ ಹಸುವಿನ ಹಾಲಿನಿಂದ ಹೋಮ ಮುಂದುವರಿಯಬೇಕು. ಆ ಹಾಲು ಸಾಮಾನ್ಯ ಹಾಲಿಗಿಂತ ಬೇರೆಯಾದಂತೆ ಸತ್ತವನ ಅಗ್ನಿಹೋತ್ರವೂ ಬದುಕಿರುವವನ ಅಗ್ನಿಹೋತ್ರಕ್ಕಿಂತ ಬೇರೆಯೆಂಬುದು ಅಲ್ಲಿ ಕೊಟ್ಟಿರುವ ಕಾರಣ. ಇನ್ನೊಂದು ಮತದಂತೆ, ದೇಹದ ಅವಶೇಷಗಳನ್ನು ತರುವವರೆಗೆ ಆಹುತಿಯಿಲ್ಲದೆಯೇ ಅಗ್ನಿಗಳನ್ನು ಆರದಂತೆ ಉರಿಸುತ್ತಿರಬೇಕು. ಅವಶೇಷಗಳು ಸಿಗದೇ ಹೋದರೆ 360 ಪಲಾಶದ, ಎಂದರೆ ಮುತ್ತುಗದ, ಎಲೆಗಳನ್ನು ತೊಟ್ಟುಸಹಿತ ತಂದು ಮನುಷ್ಯಾಕೃತಿಯನ್ನು ರಚಿಸಿ, ಅದಕ್ಕೇ ಸಂಸ್ಕಾರ ಮಾಡಬೇಕು. ಮನುಷ್ಯದೇಹದಲ್ಲಿ 360 ಎಲುಬುಗಳಿವೆಯೆಂಬುದು ಆ ಕಾಲದ ಎಣಿಕೆಯಾಗಿತ್ತು. ಚರಕಸಂಹಿತೆಯೂ ಅದೇ ಸಂಖ್ಯೆಯನ್ನು ಕೊಡುತ್ತದೆ. ಈ ಪಾಲಾಶವಿಧಿಯೇ ಮುಂದೆ ಗರುಡಪುರಾಣದಲ್ಲಿ, ತಲೆಯ ಜಾಗಕ್ಕೆ ತೆಂಗಿನಕಾಯಿ ಇಡುವುದೇ ಮೊದಲಾದ ವಿವರಗಳೊಂದಿಗೆ ವಿಸ್ತಾರಗೊಂಡು, ಇಂದಿಗೂ ಪುರೋಹಿತರ ಪ್ರಯೋಗಪುಸ್ತಕಗಳಲ್ಲಿ ಉಳಿದುಕೊಂಡಿದೆ.

ಈ ಭಾಗದ ಕ್ರಮವನ್ನು ನಿಧಾನವಾಗಿ ನೋಡಬೇಕು. ಮೊದಲು ಕಾಯುವುದು, ಬಳಿಕ ಸಿಕ್ಕಷ್ಟನ್ನು ತರುವುದು, ಏನೂ ಸಿಗದಿದ್ದರೆ ಎಲೆಗಳಿಂದ ದೇಹವನ್ನು ಕಟ್ಟುವುದು: ಈ ಮೂರರಲ್ಲಿಯೂ ದೇಹವನ್ನು ಉಳಿಸಿಕೊಳ್ಳುವ ಉದ್ದೇಶವಿಲ್ಲ, ಏಕೆಂದರೆ ತಂದದ್ದನ್ನೂ ಕಟ್ಟಿದ್ದನ್ನೂ ಕೊನೆಗೆ ಬೆಂಕಿಗೇ ಕೊಡಲಾಗುತ್ತದೆ. ದೂರದಲ್ಲಿ ಸತ್ತವನು ಬಂಧುಗಳ ಕೈಯಿಂದ ಜಾರಿಹೋಗಿರುತ್ತಾನೆ. ಅವರು ಅವನನ್ನು ಬಿಟ್ಟುಕೊಟ್ಟಿರುವುದಿಲ್ಲ. ಹೀಗೆ ಜಾರಿಹೋದದ್ದನ್ನು ಮರಳಿ ಪಡೆದು, ಬಳಿಕ ತಾವಾಗಿಯೇ ಅರ್ಪಿಸುವುದಕ್ಕೆ ದೇಹವೋ ಅದರ ಪ್ರತಿನಿಧಿಯೋ ಬೇಕಾಗುತ್ತದೆ. ಗೀತೆಯ ಮಾತಿಗೂ ಮನೆಯವರ ಹಂಬಲಕ್ಕೂ ಇರುವ ವಿರೋಧ ಇಲ್ಲಿ ಬಹುಮಟ್ಟಿಗೆ ಕರಗುತ್ತದೆ: ಹಳೆಯ ಬಟ್ಟೆಯನ್ನು ತೊರೆದು ಹೋದವನಿಗೆ ಅದರ ಅಗತ್ಯವಿಲ್ಲದಿರಬಹುದು, ಆದರೆ ಅದನ್ನು ಗೌರವದಿಂದ ಒಪ್ಪಿಸುವ ಕೆಲಸ ಉಳಿದವರ ಪಾಲಿಗೆ ಬಾಕಿಯಿರುತ್ತದೆ.

ಧರ್ಮಶಾಸ್ತ್ರಕಾರರು ಸಾವಿನ ಸುದ್ದಿಗೂ ಇದೇ ಬಗೆಯ ತೂಕವನ್ನು ಕೊಟ್ಟಿದ್ದಾರೆ. ಆಶೌಚ, ಅಂದರೆ ಬಂಧುಗಳಿಗೆ ತಗಲುವ ಸೂತಕ, ಮನುಸ್ಮೃತಿಯ ಪ್ರಕಾರ ಪರದೇಶದ ಸಾವಿನಲ್ಲಿ ಸುದ್ದಿ ಕೇಳಿದ ಗಳಿಗೆಯನ್ನು ಅವಲಂಬಿಸುತ್ತದೆ. ಹತ್ತು ದಿನದೊಳಗೆ ತಿಳಿದರೆ ಉಳಿದ ದಿನಗಳು, ಆ ಬಳಿಕ ತಿಳಿದರೆ ಮೂರು ರಾತ್ರಿ, ವರ್ಷ ಕಳೆದ ಮೇಲೆ ತಿಳಿದರೆ ಸ್ನಾನ ಮಾತ್ರ. ಸುದ್ದಿಯೂ ಇಲ್ಲದೆ ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾದು ಪ್ರತಿಕೃತಿಯನ್ನು ಸುಡುವ ವಿಧಿಯಿದೆ. ಹಾಗೆ ಸುಟ್ಟ ಮೇಲೆ ಆತ ಜೀವಂತವಾಗಿ ಮರಳಿದರೆ ಜಾತಕರ್ಮದಿಂದ ಮೊದಲ್ಗೊಂಡು ಸಂಸ್ಕಾರಗಳನ್ನು ಮತ್ತೆ ಮಾಡಿ, ಹೆಂಡತಿಯೊಂದಿಗೆ ಮತ್ತೊಮ್ಮೆ ವಿವಾಹ ನಡೆಸಿ ಅವನನ್ನು ಮನೆಗೆ ಸೇರಿಸಿಕೊಳ್ಳಬೇಕೆಂದು ನಿಬಂಧಕಾರರು ಹೇಳುತ್ತಾರೆ. ಪ್ರತಿಕೃತಿಯ ಸಂಸ್ಕಾರವನ್ನು ಅವರು ನಿಜವಾದ ಸಂಸ್ಕಾರವೆಂದೇ ನಂಬಿದ್ದರೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಾಗಿಲ್ಲ.

ಇತಿಹಾಸಕಾವ್ಯಗಳಲ್ಲಿ ಕಾಯುವಿಕೆಯ ಎರಡು ಪ್ರಸಂಗಗಳಿವೆ. ರಾಮಾಯಣದಲ್ಲಿ ದಶರಥ ಸತ್ತಾಗ ಮಕ್ಕಳು ಯಾರೂ ಹತ್ತಿರವಿಲ್ಲದ್ದರಿಂದ, ಕೇಕಯದಿಂದ ಭರತ ಬರುವವರೆಗೆ ಅವನ ದೇಹವನ್ನು ಎಣ್ಣೆಯ ದೋಣಿಯಲ್ಲಿ ಇರಿಸುತ್ತಾರೆ. ಅಲ್ಲಿ ದೂರವಿದ್ದವನು ಸತ್ತವನಲ್ಲ, ಸಂಸ್ಕಾರದ ಅಧಿಕಾರವುಳ್ಳವನು. ಮಹಾಭಾರತದ ಆದಿಪರ್ವದಲ್ಲಿ ಶತಶೃಂಗದ ಋಷಿಗಳು ಕುಂತಿಯನ್ನೂ ಐವರು ಬಾಲಕರನ್ನೂ ಕರೆತಂದು, ಪಾಂಡು ತೀರಿಕೊಂಡು ಹದಿನೇಳು ದಿನಗಳಾದುವೆಂದು ತಿಳಿಸಿ, ಪಾಂಡು ಮತ್ತು ಮಾದ್ರಿಯರ ದೇಹಗಳನ್ನು ಹಸ್ತಿನಾವತಿಯ ಕುರುವೃದ್ಧರಿಗೆ ಒಪ್ಪಿಸುತ್ತಾರೆ. ಕಾಡಿನಲ್ಲಿ ಆಗಲೇ ಚಿತೆಯೇರಿದವರ ದೇಹಗಳು ಮತ್ತೆ ಹೇಗೆ ಬಂದುವೆಂದು ವ್ಯಾಖ್ಯಾನಕಾರರು ತಲೆಕೆಡಿಸಿಕೊಂಡಿದ್ದಾರೆ. ಆದರೆ ಕಥೆಯ ನಡೆಗೆ ಆ ತೊಡಕಿಗಿಂತ ಒಪ್ಪಿಸುವಿಕೆಯೇ ಮುಖ್ಯ. ನಗರದ ಎದುರಿಗೆ ಮಕ್ಕಳನ್ನೂ ತಂದೆಯ ದೇಹವನ್ನೂ ಒಟ್ಟಿಗೆ ನಿಲ್ಲಿಸಿದಾಗಲೇ ಪಾಂಡವರು ಕುರುವಂಶದವರೆಂಬುದು ಎಲ್ಲರಿಗೂ ಮಾನ್ಯವಾಗುತ್ತದೆ. ಮನೆಗೆ ಬಂದ ದೇಹ ಸತ್ತವನ ಪರವಾಗಿ ಕೊನೆಯ ಬಾರಿಗೆ ಸಾಕ್ಷಿ ಹೇಳುತ್ತದೆ.

ಇಸ್ಲಾಮೀ ಪರಂಪರೆ ಇದೇ ಪ್ರಶ್ನೆಗೆ ಬಹುತೇಕ ವಿರುದ್ಧ ದಿಕ್ಕಿನಿಂದ ಉತ್ತರ ಹುಡುಕಿದೆ. ಮೃತದೇಹವನ್ನು, ಅಂದರೆ ಮಯ್ಯತ್ತನ್ನು, ಆದಷ್ಟು ಬೇಗ ದಫನ ಮಾಡಬೇಕೆಂಬುದು ಅಲ್ಲಿನ ಮೂಲಭೂತ ಆದೇಶ. ಉಹುದ್ ಯುದ್ಧದಲ್ಲಿ ಮಡಿದ ತಮ್ಮವರನ್ನು ಕೆಲವರು ಮದೀನಕ್ಕೆ ಒಯ್ದಾಗ, ಬಿದ್ದ ಜಾಗಕ್ಕೇ ಮರಳಿಸಿ ಹೂಳಬೇಕೆಂದು ಪ್ರವಾದಿಯವರು ಆಜ್ಞಾಪಿಸಿದರೆಂದು ಹದೀಸ್ ಗ್ರಂಥಗಳು ದಾಖಲಿಸಿವೆ. ಹಾಗೆಯೇ ಅಬಿಸೀನಿಯಾದ ದೊರೆ ನಜ್ಜಾಶಿ ತೀರಿಕೊಂಡಾಗ, ದೇಹ ಎದುರಿಗಿಲ್ಲದೆಯೇ ಅವರು ಮದೀನದಲ್ಲಿ ಜನಾಝ ನಮಾಜ್ ನಡೆಸಿದರು. ಇದರ ಆಧಾರದ ಮೇಲೆ ಶಾಫಿ ಮತ್ತು ಹನ್ಬಲಿ ಪಂಥಗಳು ದೂರದಲ್ಲಿ ಸತ್ತವರಿಗಾಗಿ ಗಾಯಿಬ್ ನಮಾಜನ್ನು, ಎಂದರೆ ದೇಹದ ಗೈರುಹಾಜರಿಯಲ್ಲಿ ಸಲ್ಲಿಸುವ ಪ್ರಾರ್ಥನೆಯನ್ನು, ಒಪ್ಪುತ್ತವೆ. ಹನಫಿ ಮತ್ತು ಮಾಲಿಕಿ ಪಂಥಗಳು ಅದನ್ನು ಆ ಒಂದು ಸಂದರ್ಭಕ್ಕೆ ಸೀಮಿತವೆಂದು ತಿಳಿಯುತ್ತವೆ. ಕರ್ನಾಟಕದ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಶಾಫಿ ಪಂಥದವರಾದುದರಿಂದ, ಕೊಲ್ಲಿಯಲ್ಲಿ ತೀರಿಕೊಂಡವರನ್ನು ಅಲ್ಲಿಯ ಮಣ್ಣಿಗೇ ಒಪ್ಪಿಸಿ ಊರಿನ ಮಸೀದಿಯಲ್ಲಿ ಪ್ರಾರ್ಥಿಸುವ ದಾರಿ ಅವರಿಗೆ ತೆರೆದಿದೆ. ತಾಯಿ ಮಗನ ಮುಖ ನೋಡಲಾಗದ ಸಂಕಟವನ್ನು ಈ ವಿಧಿ ಅಳಿಸುವುದಿಲ್ಲ. ಆದರೆ ಆ ಸಂಕಟವೇ ಸತ್ತವನಿಗೆ ಆದ ಅನ್ಯಾಯವಲ್ಲವೆಂಬ ಭರವಸೆಯನ್ನು ಕೊಡುತ್ತದೆ, ಮತ್ತು ಅದು ಸಣ್ಣ ಭರವಸೆಯಲ್ಲ. ಯಹೂದಿ ಮತ್ತು ಕ್ರೈಸ್ತರಿಬ್ಬರೂ ಮಾನ್ಯಮಾಡುವ ಆದಿಕಾಂಡವಾದರೋ ಯಾಕೋಬನ ದೇಹವನ್ನು ಸುಗಂಧದ್ರವ್ಯಗಳಿಂದ ಕೆಡದಂತೆ ಸಂಸ್ಕರಿಸಿ ಈಜಿಪ್ಟಿನಿಂದ ಕಾನಾನಿನ ಗವಿಗೆ ಒಯ್ದ ಮೆರವಣಿಗೆಯನ್ನು ವರ್ಣಿಸುತ್ತದೆ.

ದೇಹ ಸಿಗದಿದ್ದರೂ ವಿಧಿ ನಡೆಸಬಹುದೆಂದು ಶಾಸ್ತ್ರಗಳು ಬಂಧುಗಳಿಗೆ ತೋರಿದ ಔದಾರ್ಯವನ್ನು ದೇಹ ಕಳಿಸಬೇಕಾದವರು ತಮ್ಮ ಅನುಕೂಲಕ್ಕೆ ಬಳಸಿಕೊಳ್ಳಬಾರದು. ಕೊಲ್ಲಿ ದೇಶಗಳಲ್ಲಿ ಕಟ್ಟಡ ಕಟ್ಟುವ, ವಾಹನ ಓಡಿಸುವ, ಮನೆಗೆಲಸ ಮಾಡುವ ಕಾರ್ಮಿಕ ಸತ್ತಾಗ ಆಸ್ಪತ್ರೆಯ ಮರಣವರದಿ, ಪೊಲೀಸರ ಅನುಮತಿ, ಮರಣಪ್ರಮಾಣಪತ್ರ, ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದುಪಡಿಸಿದ ಪಾಸ್‌ಪೋರ್ಟ್, ರಕ್ತನಾಳಗಳಿಗೆ ಫಾರ್ಮಾಲಿನ್ ಹರಿಸಿ ದೇಹ ಕೆಡದಂತೆ ಮಾಡುವ ಎಂಬಾಮಿಂಗ್‌ನ ಪ್ರಮಾಣಪತ್ರ, ಇವೆಲ್ಲ ಒಟ್ಟುಗೂಡಬೇಕು. ಕೆಲಸ ಕೊಟ್ಟ ಪ್ರಾಯೋಜಕ, ಅಂದರೆ ಕಫೀಲ, ಸಹಕರಿಸದಿದ್ದರೆ ಎಲ್ಲವೂ ನಿಧಾನವಾಗುತ್ತದೆ. ಊರಿನಲ್ಲಿ ಕುಳಿತ ಹೆಂಡತಿಗೆ ಆ ದೇಶದ ಭಾಷೆಯೂ ಕಾನೂನೂ ಗೊತ್ತಿರುವುದಿಲ್ಲ. ಭಾರತ ಸರ್ಕಾರ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನಿರ್ಗತಿಕರ ದೇಹ ಸಾಗಿಸುವ ವೆಚ್ಚವನ್ನು ಭರಿಸಲು ಅವಕಾಶವಿದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನುಮತಿಗಳನ್ನು ಬೇಗ ಕೊಡಲು ಇ-ಕೇರ್ ಎಂಬ ಅಂತರ್ಜಾಲ ವ್ಯವಸ್ಥೆಯನ್ನು ಆರಂಭಿಸಿದೆ. ಇವು ಒಳ್ಳೆಯ ಹೆಜ್ಜೆಗಳು. ಆದರೂ ದುಡಿಸಿಕೊಂಡವನು ದುಡಿದವನ ದೇಹವನ್ನು ಮನೆಗೆ ಮುಟ್ಟಿಸುವುದು ದಾನವಲ್ಲ, ಸಾಲ ತೀರಿಸುವುದು ಎಂಬ ತಿಳಿವಳಿಕೆ ಇನ್ನೂ ಬೇರೂರಬೇಕಾಗಿದೆ. ಬೆವರಿಗೆ ಕೂಲಿ ಕೊಟ್ಟ ಮಾತ್ರಕ್ಕೆ ಮನುಷ್ಯನೊಂದಿಗಿನ ಲೆಕ್ಕ ಮುಗಿಯುವುದಾದರೆ ಸಂಸ್ಕಾರವೆಂಬುದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಕನ್ನಡನಾಡು ಈ ಪ್ರಶ್ನೆಯನ್ನು ಒಟ್ಟಾಗಿ ಎದುರಿಸಿದ ಸಂದರ್ಭ 2022ರಲ್ಲಿ ಬಂದಿತು. ಆ ವರ್ಷದ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದ ಮೇಲಿನ ದಾಳಿಯಲ್ಲಿ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬ ಸತ್ತನು. ಯುದ್ಧದ ನಡುವಿನಿಂದ ದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು. ಆ ಕುಟುಂಬ ವೀರಶೈವ ಸಂಪ್ರದಾಯದ್ದು. ಆ ಸಂಪ್ರದಾಯದಲ್ಲಿ ಮರಣ ಲಿಂಗೈಕ್ಯವೆನಿಸುತ್ತದೆ, ಅಂದರೆ ಅಂಗವು ಲಿಂಗದಲ್ಲಿ ಬೆರೆಯುವುದು; ದೇಹವನ್ನು ಇಷ್ಟಲಿಂಗಸಹಿತವಾಗಿ, ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದು ವಾಡಿಕೆ. ಈ ಕುಟುಂಬ ಮೂರು ವಾರ ಕಾದು ಪಡೆದ ದೇಹಕ್ಕೆ ಊರಿನಲ್ಲಿ ಪೂಜೆ ಸಲ್ಲಿಸಿ, ಬಂಧುಬಳಗದ ಅಂತಿಮ ದರ್ಶನ ಮುಗಿದ ಬಳಿಕ, ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಒಪ್ಪಿಸಿತು. ಇಷ್ಟು ಕಷ್ಟಪಟ್ಟು ತರಿಸಿಕೊಂಡದ್ದನ್ನು ಒಂದೇ ದಿನದಲ್ಲಿ ಕೊಟ್ಟುಬಿಟ್ಟರಲ್ಲ ಎಂದು ಅಚ್ಚರಿಪಡುವವರು ಐತರೇಯದ ಮುತ್ತುಗದ ಎಲೆಗಳನ್ನು ನೆನೆಯಬೇಕು. ವೈದ್ಯನಾಗಬೇಕೆಂದು ದೇಶ ಬಿಟ್ಟು ಹೋದವನ ದೇಹವನ್ನು ವೈದ್ಯಶಾಸ್ತ್ರಕ್ಕೇ ಕೊಡುವ ತೀರ್ಮಾನವನ್ನು ಶೆಲ್ಲು ಕೈಗೊಳ್ಳಲಾರದು, ಯುದ್ಧದಲ್ಲಿ ತೊಡಗಿದ ಸರ್ಕಾರಗಳೂ ಕೈಗೊಳ್ಳಲಾರವು. ದೇಹ ಮನೆಗೆ ಬಂದುದರಿಂದ ಆ ಅಧಿಕಾರ ತಂದೆತಾಯಿಗೆ ಮರಳಿತು.

ಹಾಗಾದರೆ ದೇಹ ಬರಬೇಕಾದ ಮನೆ ಯಾವುದು? ಮೂವತ್ತು ವರ್ಷ ಅಮೆರಿಕದಲ್ಲಿ ಬಾಳಿ, ಹೆಂಡತಿ ಮಕ್ಕಳೆಲ್ಲ ಅಲ್ಲಿಯೇ ಇರುವವನು ತೀರಿಕೊಂಡಾಗ, ಮೈಸೂರಿನಲ್ಲಿರುವ ವೃದ್ಧ ತಂದೆತಾಯಿ ದೇಹವನ್ನು ಬಯಸಿದರೆ ಯಾರ ಮಾತು ನಡೆಯಬೇಕೆಂಬುದು ಇಂದಿನ ಅನೇಕ ಕುಟುಂಬಗಳನ್ನು ಒಡೆಯುವ ಪ್ರಶ್ನೆ. ಐತರೇಯದ ತರ್ಕವನ್ನು ಅನುಸರಿಸುವುದಾದರೆ ಸತ್ತವನ ಅಗ್ನಿ ಎಲ್ಲಿ ಉರಿಯುತ್ತಿತ್ತೋ ಅದೇ ಅವನ ಮನೆ. ಹುಟ್ಟಿದ ಊರಿಗೆ ಅಲ್ಲಿ ಪ್ರತ್ಯೇಕ ಹಕ್ಕಿಲ್ಲ. ಸಂಸ್ಕಾರದ ಅಧಿಕಾರವುಳ್ಳ ಮಕ್ಕಳು ಅಮೆರಿಕದಲ್ಲಿರುವಾಗ ದಹನ ಅಲ್ಲಿಯೇ ಆಗಿ, ಅಸ್ಥಿ ಮಾತ್ರ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ಗೋಕರ್ಣಕ್ಕೋ ಬರುವ ಈಗಿನ ರೂಢಿ ಶಾಸ್ತ್ರಕ್ಕೆ ಹೊಂದಿಕೊಂಡೇ ಇದೆ. ತಂದೆತಾಯಿಯ ದುಃಖಕ್ಕೆ ಇದರಲ್ಲಿ ಪೂರ್ತಿ ಸಮಾಧಾನವಿಲ್ಲವೆಂಬುದು ನಿಜ, ಮತ್ತು ಅಂಥವರಿಗೆ ಅಲ್ಲಿಗೆ ಹೋಗಲು ತುರ್ತು ವೀಸಾ ಸಿಗುವಂತೆ ಮಾಡುವುದು ದೇಹವನ್ನು ತರಿಸುವುದಕ್ಕಿಂತ ಎಷ್ಟೋ ಸಲ ಹೆಚ್ಚಿನ ಉಪಕಾರವಾದೀತು. ಆದರೆ ದೇಹ ಬಾರದ ಕಾರಣಕ್ಕೆ ಮಗ ಪ್ರೇತವಾಗಿಯೇ ಉಳಿಯುತ್ತಾನೆ, ಅವನಿಗೆ ಸದ್ಗತಿಯಿಲ್ಲ ಎಂದು ಅವರನ್ನು ಹೆದರಿಸುವ ಪುರೋಹಿತ, ಪಾಲಾಶವಿಧಿಯನ್ನು ಹೊತ್ತು ತಂದಿರುವ ತನ್ನದೇ ಗ್ರಂಥಗಳಿಗೆ ವಿರುದ್ಧವಾಗಿ ಮಾತನಾಡುತ್ತಿರುತ್ತಾನೆ. ಅದನ್ನು ಆ ಮನೆಯಲ್ಲಿ ಯಾರಾದರೊಬ್ಬರು ಅವನ ಎದುರಿಗೇ ಹೇಳಬೇಕು.