ಮೇಲಿಂದ ನಮ್ಮ ಕೇರಿ ಕಾಣ್ತಾ?



ಇವತ್ತಿನ ಚಿಂತನೆಯನ್ನು ಗಾಥೆಯಿಂದ ಶುರು ಮಾಡುವುದಿಲ್ಲ, ಹೋದ ಭಾನುವಾರದಿಂದ ಶುರು ಮಾಡುತ್ತೇನೆ. ಬಳಗದ ಏಳೆಂಟು ಹುಡುಗ ಹುಡುಗಿಯರ ಜೊತೆ ಸೂಳೆಕೆರೆಗೆ ಹೋಗಿದ್ದೆ. ಶಾಂತಿಸಾಗರ ಎಂಬ ಹೆಸರೂ ಅದಕ್ಕಿದೆ. ಆದರೆ ಕೆರೆಗಾಗಿ ತಮ್ಮ ಜಾಗ ಬಿಟ್ಟುಕೊಟ್ಟ ಸೂಳೆಯರು, ಅದಕ್ಕೆ ನಮ್ಮ ಹೆಸರೇ ಇರಲಿ ಎಂದು ಕೇಳಿ ಪಡೆದರು ಅಂತ ನಮ್ಮ ಕಡೆ ಕತೆ ಇದೆ. ಕೇಳಿ ಪಡೆದ ಹೆಸರನ್ನು ಬೇರೆಯವರು ನಾಚಿಕೊಂಡು ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ. ಹೆಸರಿನ ನೋವು ಏನೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇರಲಿ, ಅದು ಇನ್ನೊಂದು ದಿನದ ಮಾತು.

ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ಕೆರೆ ಇದು. ನೀರು 6,000 ಎಕರೆಗೂ ಹೆಚ್ಚು ಹರಡುತ್ತದೆ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದಲೇ ನೀರು ಹೋಗುತ್ತದೆ. ಏರಿಯ ಮೇಲೆ ನಿಂತರೆ ಎದುರಿಗೆ ಬರೀ ನೀರು. ಕೆರೆಯ ಆಕಾರ ತಿಳಿಯಬೇಕೆಂದರೆ ಪಕ್ಕದ ಗುಡ್ಡ ಹತ್ತಬೇಕು. ದಾರಿ ಉದ್ದವಿಲ್ಲ, ಆದರೆ ನೆಟ್ಟಗೆ ಏರುತ್ತದೆ. ಕಾಲಿಟ್ಟರೆ ಜಾರುವ ಗರಸು, ಹಿಡಿಯಲು ಹೋದರೆ ಮುಳ್ಳು. ಹುಡುಗರು ಮೇಕೆ ಮರಿಗಳ ಹಾಗೆ ಹತ್ತಿಬಿಟ್ಟರು. ನಾನು ಮೂರು ಕಡೆ ಕೂತೆ. ಎರಡನೇ ಸಲ ಕೂತಾಗ ಉಸಿರನ್ನು ಗಮನಿಸೋಣ ಎಂದುಕೊಂಡೆ. ಗಮನಿಸುವ ಅಗತ್ಯವೇ ಇರಲಿಲ್ಲ, ಅದು ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

ನೆತ್ತಿ ಮುಟ್ಟಿದಾಗ ಕೆರೆ ಇಡಿಯಾಗಿ ಕಂಡಿತು. ಒಂದು ಕಡೆ ನೀಲಿ ಹರವು, ಇನ್ನೊಂದು ಕಡೆ ಅಚ್ಚುಕಟ್ಟಿನ ಗದ್ದೆ, ಅಡಿಕೆ ತೋಟ. ಗಾಳಿಗೆ ಬೆವರು ಆರಿತು, ನನಗೆ ಮಾತು ಉಕ್ಕಿತು. ಹುಡುಗರನ್ನು ಸುತ್ತ ಕೂರಿಸಿಕೊಂಡೆ. ಬಾಬಾಸಾಹೇಬರು 1920ರ ಜನವರಿ 31ರ ‘ಮೂಕನಾಯಕ’ದ ಮೊದಲ ಸಂಚಿಕೆಯಲ್ಲಿ ಹಿಂದೂ ಸಮಾಜವನ್ನು ಮೆಟ್ಟಿಲಿಲ್ಲದ ಬಹುಮಹಡಿ ಗೋಪುರಕ್ಕೆ ಹೋಲಿಸಿದ್ದನ್ನು ಹೇಳಿದೆ. ಅಲ್ಲಿ ಹುಟ್ಟಿದ ಮಹಡಿಯಲ್ಲೇ ಸಾಯಬೇಕು, ಯೋಗ್ಯತೆ ಇದ್ದರೂ ಮೇಲೆ ಹೋಗುವಂತಿಲ್ಲ. ಗುಡ್ಡ ಹಾಗಲ್ಲ ನೋಡಿ, ಇದು ಯಾರ ಜಾತಿಯನ್ನೂ ಕೇಳುವುದಿಲ್ಲ, ಕಾಲು ಇದ್ದವರೆಲ್ಲ ಹತ್ತಬಹುದು ಎಂದೆ.

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮಾತೂ ಬಂತು. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳ ಜೊತೆಗೇ ಬಿ.ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನ ಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಆ ಶಾಸನಗಳ ತಿರುಳು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದರಿಂದ ಆ ಬಂಡೆಗೆ ಬಳೆಗಾರ ಗುಂಡು ಎಂದೇ ಹೆಸರು. ಅಕ್ಷರಗಳೂ ಬಹಳ ಸವೆದಿವೆ. ಸಣ್ಣವರಿಗೂ ಉಂಟು ಎಂದು ಬರೆದ ಕಲ್ಲು ಸಣ್ಣ ವ್ಯಾಪಾರಿಗಳ ಓಡಾಟದಿಂದಲೇ ಸವೆದದ್ದು ನೆನೆದರೆ ನನಗೆ ನಗುವೂ ಬರುತ್ತದೆ, ಒಂಥರಾ ಪ್ರೀತಿಯೂ ಹುಟ್ಟುತ್ತದೆ. ಹುಡುಗರು ತಲೆಯಾಡಿಸಿದರು. ಚೆನ್ನಾಗಿ ಮಾತಾಡಿದೆ ಅನ್ನಿಸಿತು.

ಕೆಳಗೆ ಏರಿಯ ಮೇಲೆ ನಮ್ಮ ದೊಡ್ಡಪ್ಪನ ಮಗ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಕಾಯುತ್ತಿದ್ದ. ಅವನ ಊರು, ಅಂದರೆ ನನ್ನೂರು, ಅಲ್ಲಿಗೆ ಹತ್ತಿರ. ಅವನು ಗುಡ್ಡ ಹತ್ತಲಿಲ್ಲ. ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತ ಮಂಡಿ, ಈಗ ಮನೆಯ ಹೊಸ್ತಿಲು ದಾಟಲೂ ಗೋಡೆ ಹಿಡಿಯಬೇಕು. ಕೆರೆ ಕೋಡಿ ಬಿದ್ದ ವರ್ಷ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರು ತೋರಿಸಿದವನು ಅವನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ನಾನು ಹಾಸ್ಟೆಲ್ ಸೇರಿದ ಮೊದಲ ವರ್ಷದ ಟ್ರಂಕು, ತಟ್ಟೆ, ಲೋಟ ಅವನ ಕೂಲಿಯದ್ದು.

ನಾವು ಇಳಿದು ಬಂದಾಗ ಅವನು ಕೇಳಿದ್ದು ಒಂದೇ ಮಾತು. “ಮ್ಯಾಲಿಂದ ನಮ್ಮ ಕೇರಿ ಕಾಣ್ತಾ ತಮ್ಮಾ?”

“ನೋಡ್ಲಿಲ್ಲಣ್ಣ” ಎಂದೆ.

“ಹೌದು ಬಿಡು, ಅಲ್ಲಿಂದ ಕೆರೆನೇ ಕಣ್ಣಿಗೆ ಬೀಳ್ತೈತೆ” ಅಂದು ಮಿರ್ಚಿ ಕೈಗಿಟ್ಟ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು, ನಾನೂ ಏನಾದರೂ ಉತ್ತರ ಕೊಡಬಹುದಿತ್ತು.

ಬಂಧುಗಳೇ, ಅವತ್ತು ರಾತ್ರಿ ನಿದ್ದೆ ಬರದೆ ಧಮ್ಮಪದ ತೆಗೆದೆ. ಅಪ್ಪಮಾದ ವಗ್ಗದ 28ನೇ ಗಾಥೆ ನಾವೆಲ್ಲ ಓದಿದ್ದೇ. ಎಚ್ಚರದಿಂದ ಮೈಮರೆವನ್ನು ದೂಡಿದ ಜ್ಞಾನಿ, ಬೆಟ್ಟದ ಮೇಲೆ ನಿಂತವನು ನೆಲದ ಮೇಲಿನವರನ್ನು ಕಾಣುವ ಹಾಗೆ, ದುಃಖದಲ್ಲಿರುವ ಜನರನ್ನು ಕಾಣುತ್ತಾನೆ ಎಂಬ ಅರ್ಥ ಅದಕ್ಕೆ. ನಾನು ಇಷ್ಟು ವರ್ಷ ಅದನ್ನು ಎತ್ತರದ ಗಾಥೆ ಎಂದು ಓದಿದ್ದೆ. ನಿಜ ಹೇಳಬೇಕೆಂದರೆ ಆ ಗಾಥೆಯ ಬಗ್ಗೆ ಸ್ವಲ್ಪ ಇರಿಸುಮುರಿಸೂ ಇತ್ತು. ಮೇಲೆ ನಿಂತವರು ಕೆಳಗಿನವರನ್ನು ನೋಡುವ ನೋಟ ಎಂಥದ್ದೆಂದು ನಮ್ಮ ಹಿರಿಯರು ಮೈಮೇಲೆ ಅನುಭವಿಸಿದ್ದಾರೆ. ಆದರೆ ಗಾಥೆ ಹೇಳುವ ಜ್ಞಾನಿಗೆ ಬೆಟ್ಟದಿಂದ ಕಾಣುವುದು ಕೆರೆಯಲ್ಲ, ಜನ. ನನಗೆ ಕೆರೆ ಕಂಡಿತು, ಗದ್ದೆ ಕಂಡಿತು, ನನ್ನ ಭಾಷಣಕ್ಕೆ ತಲೆಯಾಡಿಸುವ ಹುಡುಗರು ಕಂಡರು.

ಬೋಧಿ ಪಡೆದ ಮೇಲೆ ಭಗವಾನರು ಉಪದೇಶಿಸಲು ಹಿಂಜರಿದಾಗ, ಬ್ರಹ್ಮ ಸಹಂಪತಿ ಬೇಡಿಕೊಂಡದ್ದೂ ಇದೇ ಬೆಟ್ಟದ ಹೋಲಿಕೆ ಕೊಟ್ಟು. ಸಹಂಪತಿಯನ್ನು ದೇವರೆಂದು ನಂಬಬೇಕಿಲ್ಲ, ನಾನೂ ನಂಬುವುದಿಲ್ಲ. ಆದರೆ ಆಮೇಲೆ ನಡೆದದ್ದು ಮುಖ್ಯ. ಅವರು ನೋಡಿದರು, ನೋಡಿ ಅಲ್ಲೇ ಕೂರಲಿಲ್ಲ. ಉರುವೇಲದಿಂದ ವಾರಾಣಸಿ ಬಳಿಯ ಇಸಿಪತನದವರೆಗೆ, ಹಿಂದೆ ತಮ್ಮನ್ನು ಬಿಟ್ಟುಹೋಗಿದ್ದ ಐದು ಜನರನ್ನು ಹುಡುಕಿಕೊಂಡು ನಡೆದರು.

‘ಕಾಲು ಇದ್ದವರೆಲ್ಲ ಹತ್ತಬಹುದು’ ಎಂದಿದ್ದೆನಲ್ಲ, ಆ ಮಾತು ಈಗ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅಣ್ಣನ ಪ್ರಯತ್ನ ನನ್ನದಕ್ಕಿಂತ ಕಡಿಮೆಯೇ? ಅವನ ಕಾಲು ಸವೆದದ್ದರಲ್ಲಿ ನನ್ನ ಮೆಟ್ಟಿಲೂ ಇದೆ. ಗೋಪುರಕ್ಕೆ ಬಾಬಾಸಾಹೇಬರು ಮೆಟ್ಟಿಲು ಕಟ್ಟಿದರು, ನಿಜ. ಅದರ ಕಲ್ಲನ್ನು ಮನೆಮನೆಯಲ್ಲಿ ಇಂಥವರು ಹೊತ್ತರು. ಹತ್ತಿದವನು ‘ನನ್ನ ಶ್ರಮ’ ಎನ್ನುವಾಗ ಅದರಲ್ಲಿ ಎಷ್ಟು ಪಾಲು ತನ್ನದು? ನನ್ನ ಬಳಿ ಲೆಕ್ಕವಿಲ್ಲ. ಇದು ಕರುಣೆಯೋ ಬರೀ ಪಾಪಪ್ರಜ್ಞೆಯೋ ಎಂಬುದೂ ಇನ್ನೂ ಸ್ಪಷ್ಟವಾಗಿಲ್ಲ. ನೀವು ನಿಮ್ಮ ಮನೆಗಳನ್ನು ನೆನೆದು ಯೋಚಿಸಿ, ಗುಂಪಿನಲ್ಲಿ ಬರೆಯಿರಿ.

ಈ ಭಾನುವಾರದ ಅಧ್ಯಯನ ದಾವಣಗೆರೆಯ ನಮ್ಮ ಮನೆಯಲ್ಲಿ ಇರುವುದಿಲ್ಲ, ಅಣ್ಣನ ಮನೆಯ ಜಗಲಿಯಲ್ಲಿ. ಫೋನ್ ಮಾಡಿ ಕೇಳಿದಾಗ, ತನಗೆ ಪಾಲಿ ಗೀಲಿ ಬರಲ್ಲ ಅಂದ. ನಮಗೂ ಅಷ್ಟಾಗಿ ಬರಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, “ಎಷ್ಟು ಜನ ಬರ್ತೀರಿ? ಹಾಲಿಗೆ ಮೊದ್ಲೇ ಹೇಳ್ಬೇಕು” ಎಂದ. ಬರುವವರು ಶುಕ್ರವಾರದೊಳಗೆ ತಿಳಿಸಿ.

ಜೈ ಭೀಮ್.