ಸವಳು ನೆಲ ಮತ್ತು ‘ತಾನಾಗಿ’ ಎಂಬ ಮಾತು

ಸಿಂಧನೂರಿನ ಕಡೆ ರೈತರ ಸಭೆಯೊಂದಕ್ಕೆ ಹೋಗಿದ್ದೆ. ಕಾಲುವೆಯ ಕೆಳಭಾಗದ ಹೊಲಗಳು ಸವಳಾಗುತ್ತಿರುವುದಕ್ಕೆ ವೇದಿಕೆ ಮೇಲಿದ್ದವರೊಬ್ಬರು ಒಂದೇ ಮಾತಿನಲ್ಲಿ ಕಾರಣ ಕೊಟ್ಟರು: ‘ಅದು ತಾನಾಗೇ ಆಗೋದ್ರೀ. ಎಂಟ್ರೊಪಿ ಅಂತಾರ. ಎಲ್ಲಾ ಒಂದಿನ ಕೆಡಬೇಕು.’ ಚಪ್ಪಾಳೆಯೂ ಬಿತ್ತು. ರಸಾಯನಶಾಸ್ತ್ರದಲ್ಲಿ ‘ತಾನಾಗಿ’ ಎಂಬುದಕ್ಕೆ ಬಿಗಿಯಾದ ಅರ್ಥವಿದೆ. ಕೈತೊಳೆದುಕೊಳ್ಳುವುದಕ್ಕೆ ಆ ಅರ್ಥ ಒದಗುವುದಿಲ್ಲ.

ಅಲ್ಲಿ ಕೂತಿದ್ದ ಪ್ರತಿಯೊಬ್ಬರ ಮನೆಯಲ್ಲೂ ಯೂರಿಯಾ ಚೀಲವಿದ್ದಿರಬೇಕು. ಅರ್ಧ ಲೀಟರ್ ನೀರಿಗೆ ನೂರು ಗ್ರಾಂ ಯೂರಿಯಾ ಹಾಕಿ ಕೈಯಾಡಿಸಿ ನೋಡಿ. ನೀರು ಹತ್ತು ಡಿಗ್ರಿಯಷ್ಟು ತಣ್ಣಗಾಗುತ್ತದೆ, ಚೊಂಬಿನ ಹೊರಮೈ ಕೂಡ ತಂಪಾಗುತ್ತದೆ. 60 ಗ್ರಾಂ ಯೂರಿಯಾ ಕರಗುವಾಗ ಸುತ್ತಲಿನಿಂದ ಸುಮಾರು 15 ಕಿಲೊಜೂಲ್ ಶಾಖ ಹೀರಿಕೊಳ್ಳುತ್ತದೆ. ಆ ಲೆಕ್ಕದಲ್ಲಿ 45 ಕಿಲೋ ಚೀಲವೊಂದು ಕರಗಲು ಬೇಕಾದ ಶಾಖದಿಂದ ಮೂರು ಡಜನ್ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇಷ್ಟು ಖರ್ಚಿದ್ದರೂ ಯೂರಿಯಾ ಯಾರ ಒತ್ತಾಯವೂ ಇಲ್ಲದೆ ಕರಗುತ್ತದೆ.

ಫ್ರಾನ್ಸಿನ ಮಾರ್ಸೆಲಿನ್ ಬರ್ತೆಲೊ ಇದನ್ನು ಒಪ್ಪಲು ಸಿದ್ಧನಿರಲಿಲ್ಲ. ಅತಿ ಹೆಚ್ಚು ಶಾಖ ಬಿಡುಗಡೆಯಾಗುವ ಕಡೆಗೇ ರಾಸಾಯನಿಕ ಕ್ರಿಯೆ ಸಾಗುತ್ತದೆ ಎಂಬುದು ಅವನ ಸಿದ್ಧಾಂತ. ಎದುರಾದ ಅಪವಾದಗಳನ್ನು ‘ಇವು ರಾಸಾಯನಿಕವಲ್ಲ, ಭೌತಿಕ’ ಎಂದು ಪಕ್ಕಕ್ಕೆ ಸರಿಸಿದ. ಅವನು ದೊಡ್ಡ ಪ್ರಯೋಗಕಾರ, ಮುಂದೆ ಮಂತ್ರಿಯೂ ಆದ. ಆದರೆ ಸಾಕ್ಷ್ಯವನ್ನು ಹೀಗೆ ಗಡಿಯಾಚೆಗೆ ಅಟ್ಟುವ ಬುದ್ಧಿ ನನಗೆ ಹಿಡಿಸದು. ಪಿಯೆರ್ ಡ್ಯುಎಂ ಎಂಬ ಯುವಕ 1884ರಲ್ಲಿ ಆ ಸಿದ್ಧಾಂತವನ್ನು ಪ್ರಶ್ನಿಸಿ ಪ್ರಬಂಧ ಸಲ್ಲಿಸಿದ. ಪ್ಯಾರಿಸ್ ಅದನ್ನು ತಿರಸ್ಕರಿಸಿತು.

ಉತ್ತರ ಆಗಲೇ ಅಮೆರಿಕದಲ್ಲಿ ಅಚ್ಚಾಗಿತ್ತು. ವಿಲಾರ್ಡ್ ಗಿಬ್ಸ್ 1876–78ರಲ್ಲಿ ಪ್ರಕಟಿಸಿದ ಲೇಖನದ ಸಾರ ಇಷ್ಟು: ಒಂದು ಬದಲಾವಣೆಗೆ ಖಾತೆ ಎರಡು. ಒಂದರಲ್ಲಿ ಶಾಖದ ಜಮಾ-ಖರ್ಚು. ಇನ್ನೊಂದರಲ್ಲಿ ಎಂಟ್ರೊಪಿ, ಅಂದರೆ ಶಕ್ತಿಯೂ ಕಣಗಳೂ ಎಷ್ಟು ಬಗೆಯಲ್ಲಿ ಹಂಚಿಕೊಂಡು ಇರಬಲ್ಲವು ಎಂಬ ಲೆಕ್ಕ. ಅದನ್ನು ಉಷ್ಣತೆಯಿಂದ ಗುಣಿಸಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಸಿಗುವುದೇ ಮುಕ್ತಶಕ್ತಿಯ ವ್ಯತ್ಯಾಸ. ಒತ್ತಡ, ಉಷ್ಣತೆ ಬದಲಾಗದಿರುವಾಗ ಮುಕ್ತಶಕ್ತಿ ಇಳಿಯುವ ದಿಕ್ಕಿನಲ್ಲಿ ಕ್ರಿಯೆ ತಾನಾಗಿ ನಡೆಯುತ್ತದೆ. ಯೂರಿಯಾದ ಮೊದಲ ಖಾತೆಯಲ್ಲಿ ನಷ್ಟ, ಎರಡನೆಯದರಲ್ಲಿ ಅದನ್ನು ಮೀರಿಸುವ ಲಾಭ.

ಹಾಗಾದರೆ ‘ತಾನಾಗಿ’ ಎಂದರೆ ‘ಬೇಗನೆ’ ಎಂದೇ? ಅಲ್ಲ. ಹುಲ್ಲಿನ ಬಣವೆ ಗಾಳಿಯ ಆಮ್ಲಜನಕದೊಡನೆ ಸೇರಿ ಉರಿಯುವುದು ಗಿಬ್ಸ್ ಲೆಕ್ಕದಲ್ಲಿ ಈಗಲೇ ತಾನಾಗಿ ಆಗಬೇಕಾದ ಕ್ರಿಯೆ. ಆದರೂ ಬಣವೆ ವರ್ಷಗಟ್ಟಲೆ ನಿಂತಿರುತ್ತದೆ. ಬೆಂಕಿಕಡ್ಡಿ ಇಳಿಜಾರನ್ನು ಹುಟ್ಟಿಸುವುದಿಲ್ಲ, ಇಳಿಜಾರಿಗೆ ಮೊದಲಿರುವ ದಿಬ್ಬವನ್ನು ದಾಟಿಸುತ್ತದೆ. ಮುಕ್ತಶಕ್ತಿ ದಿಕ್ಕು ಹೇಳುತ್ತದೆ, ವೇಗ ಹೇಳುವುದಿಲ್ಲ.

‘ಯಾವ ಸ್ಥಿತಿಯಲ್ಲಾದರೂ’ ಎಂದೂ ಅರ್ಥವಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನ ಗಾಳಿಯಲ್ಲಿ ಎಷ್ಟು ಕಾಲವಿಟ್ಟರೂ ತುಕ್ಕು ಹಿಡಿಯದು. ಸೈನೈಡ್ ಬೆರೆತ ನೀರಿನಲ್ಲಿ ಅದೇ ಆಮ್ಲಜನಕಕ್ಕೆ ಅದೇ ಚಿನ್ನ ಕರಗುತ್ತದೆ. ಅದಿರಿನಿಂದ ಚಿನ್ನ ತೆಗೆಯುವ ವಿದ್ಯೆ ನಿಂತಿರುವುದೇ ಇದರ ಮೇಲೆ. ಚಿನ್ನದ ಸ್ವಭಾವ ಬದಲಾಗಲಿಲ್ಲ, ಅದರ ಸಹವಾಸ ಬದಲಾಯಿತು.

ಈಗ ಸವಳಿಗೆ ಬರೋಣ. ಎರೆಭೂಮಿಯ ತಗ್ಗಿನ ಹೊಲದಲ್ಲಿ ಅಂತರ್ಜಲ ಮೇಲೇರಿ, ಬಿಸಿಲಿಗೆ ನೀರು ಆರಿ, ಬಿಳಿ ಉಪ್ಪು ಪೊರೆಗಟ್ಟುತ್ತದೆ. ಒಂದು ಚಿಟಿಕೆ ತೆಗೆದು ಭೂತಗನ್ನಡಿಯಡಿ ಹಿಡಿದರೆ ಕಾಣುವುದು ಅಚ್ಚುಕಟ್ಟಾದ ಹರಳು. ಎಂಟ್ರೊಪಿ ಎಂದರೆ ಅಸ್ತವ್ಯಸ್ತ ಎನ್ನುವವರು ಇದಕ್ಕೇನೆನ್ನುತ್ತಾರೆ? ಕೆಟ್ಟ ಹೊಲದಲ್ಲೇ ಶಿಸ್ತು ಹೆಚ್ಚಿದೆ! ಗಾಳಿಗೆ ಹರಡಿದ ಆವಿ ಎಂಟ್ರೊಪಿಯನ್ನು ಹೆಚ್ಚಿಸಿತು, ಆ ಬೆಲೆಗೆ ಇಲ್ಲಿ ಉಪ್ಪು ಹರಳುಗಟ್ಟಿತು.

ನೀರು ಆರಿದ್ದು ತಾನಾಗಿಯೇ, ಒಪ್ಪುತ್ತೇನೆ. ಆ ನೀರನ್ನು ಬೇರಿನ ಮಟ್ಟಕ್ಕೆ ಏರಿಸಿದ್ದು ಯಾವುದು? ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಬಸಿಗಾಲುವೆ ಹಿಂದೆ ಬಿತ್ತು. ಸ್ಥಿತಿ ಇಂಥದ್ದು ಎಂದು ಹೇಳಿದರೆ ದಿಕ್ಕು ಯಾವುದೆಂದು ಗಿಬ್ಸ್ ತಿಳಿಸುತ್ತಾನೆ. ಆ ಸ್ಥಿತಿಯನ್ನು ತಂದಿಟ್ಟವರ ಹೆಸರು ಅವನ ಸಮೀಕರಣದಲ್ಲಿಲ್ಲ. ಅದನ್ನು ನಾವೇ ಕೇಳಬೇಕು, ಕೊನೆಯ ಹೊಲದವನ ಪರವಾಗಿ.

ನೀರು ಕಟ್ಟಿ ನಿಲ್ಲಿಸಿದರೆ ಆ ಉಪ್ಪು ಮತ್ತೆ ಕರಗುವುದೂ ತಾನಾಗಿಯೇ. ಕರಗಿದ್ದು ಹರಿದುಹೋಗಲು ಬಸಿಗಾಲುವೆಯನ್ನು ಮಾತ್ರ ಯಾರಾದರೂ ತೋಡಬೇಕು.